ಮರಳು ನಿಂತಲ್ಲಿ ನೀರು ನಿಲ್ಲಲಿಲ್ಲ

(ಸಂಘದ ಮಹಿಳಾ ವೇದಿಕೆಯ ಡಿಸೆಂಬರ್ ತಿಂಗಳ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಡಿಸೆಂಬರ್ ಅಂದರೆ ಚೆನ್ನೈಯಲ್ಲಿ ಸಂಗೀತ ಕಛೇರಿಗಳ ಕಾಲ. ಸಭಾಗಳ ಕ್ಯಾಂಟೀನಿನ ದೋಸೆ ಬಿಟ್ಟು ಮರಳಿನ ವಿಷಯ ಕೇಳಲು ಇಷ್ಟು ಜನ ಬಂದಿದ್ದೀರಲ್ಲ, ಸಂತೋಷ. ಕಾರ್ಯದರ್ಶಿಯವರು ಫೋನ್ ಮಾಡಿದಾಗ ಒಂದೇ ಷರತ್ತು ಹಾಕಿದ್ದರು: "ಮೇಡಂ, ಫಾರ್ಮುಲಾ ಬೇಡ." ಮೂವತ್ತು ವರ್ಷ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವಳಿಗೆ ಇದು ಕಷ್ಟದ ಷರತ್ತು. ಒಂದು ಗುಣಾಕಾರ, ಒಂದು ಭಾಗಾಕಾರ ಮಾತ್ರ ಬರುತ್ತದೆ. ಮನೆ ಖರ್ಚಿನ ಲೆಕ್ಕ ಬರೆಯುವ ನಮಗೆ ಅದೇನು ದೊಡ್ಡದಲ್ಲ.

2004ರ ಡಿಸೆಂಬರ್ 26 ಇಲ್ಲಿರುವ ಬಹಳ ಮಂದಿಗೆ ನೆನಪಿದೆ. ಭಾನುವಾರ, ಹುಣ್ಣಿಮೆ, ಕ್ರಿಸ್‌ಮಸ್‌ನ ಮರುದಿನ. ಬೆಳಿಗ್ಗೆ ಆರೂವರೆ ಹೊತ್ತಿಗೆ ಸುಮಾತ್ರಾದ ಪಕ್ಕದ ಸಮುದ್ರತಳದಲ್ಲಿ ಭೂಮಿ ಬಿರಿಯಿತು. ಅಲ್ಲಿಂದ ಉತ್ತರಕ್ಕೆ, ಅಂಡಮಾನಿನವರೆಗೆ, 1,200 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಆ ಬಿರುಕು ಓಡಿತು. ಸುಮಾರು ಎರಡೂವರೆ ಗಂಟೆಯ ನಂತರ ನೀರು ನಮ್ಮ ಮರೀನಾ ದಾಟಿ ಬಂತು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇದೆಲ್ಲ ನಿಮಗೆ ಗೊತ್ತಿರುವುದೇ. ನಾನು ಇವತ್ತು ಕೇಳಬೇಕೆಂದಿರುವ ಪ್ರಶ್ನೆ ಚಿಕ್ಕದು: ಆ ನೀರು ಎಷ್ಟು ವೇಗವಾಗಿ ಬಂತು ಅಂತ ನಮಗೆ ಹೇಗೆ ಗೊತ್ತು?

ಬಂದರುಗಳಲ್ಲಿ ಸಮುದ್ರದ ಮಟ್ಟ ಅಳೆಯುವ ಉಪಕರಣ ಇರುತ್ತದೆ. ಆದರೆ ಒಂದು ಹಳ್ಳಿಯ ಓಣಿಯಲ್ಲಿ, ಒಬ್ಬರ ಮನೆಯ ಬಾಗಿಲಲ್ಲಿ ನೀರು ಎಷ್ಟು ಜೋರಾಗಿ ಹರಿಯಿತು ಎಂದು ಅಳೆಯಲು ಅಲ್ಲಿ ಯಾವ ಉಪಕರಣವೂ ಇರಲಿಲ್ಲ. ನೀರು ಬಂತು, ಹೋಯಿತು. ಬಿಟ್ಟುಹೋದದ್ದು ಮರಳು. ಆ ಮರಳನ್ನೇ ಸಾಕ್ಷಿಯಾಗಿ ಕೂರಿಸಿ ಪ್ರಶ್ನೆ ಕೇಳುವ ವಿದ್ಯೆ ನನ್ನದು.

ಅಕ್ಕಿ ಗಾಳಿಸುವುದು ನೋಡಿದ್ದೀರಲ್ಲ? ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ, ಹಾಗಾಗಿ ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಅಮ್ಮಂದಿರು ಪಾತ್ರೆಯಲ್ಲಿ ಅಕ್ಕಿಗೆ ನೀರು ಹಾಕಿ, ಅಲುಗಿಸುತ್ತ ಇನ್ನೊಂದು ಪಾತ್ರೆಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಿದ್ದರು. ಅಕ್ಕಿ ನೀರಿನ ಜೊತೆ ಹೋಗುತ್ತಿತ್ತು, ಕಲ್ಲು ತಳದಲ್ಲಿ ಉಳಿಯುತ್ತಿತ್ತು. ಕೈ ಜೋರಾದರೆ ಕಲ್ಲೂ ಜಾರಿ ಹೋಗುತ್ತಿತ್ತು. ಅಂದರೆ ಯಾವ ಪಾತ್ರೆಯಲ್ಲಿ ಏನು ಉಳಿದಿದೆ ಎಂದು ನೋಡಿದರೆ ಗಾಳಿಸಿದವರ ಕೈ ಎಷ್ಟು ಜೋರಿತ್ತು ಎಂದು ಹೇಳಬಹುದು. ಸುನಾಮಿಯ ವೇಗ ಕಂಡುಹಿಡಿಯುವುದರ ಮೂಲ ಇಷ್ಟೇ. ನೀರು ಮಾಡಿದ ಕೆಲಸ ನೋಡಿ ನೀರನ್ನು ಊಹಿಸುವುದು.

ನಿಂತ ನೀರಿನಲ್ಲಿ ಪ್ರತಿ ಗಾತ್ರದ ಕಣಕ್ಕೂ ಅದರದೇ ಇಳಿಯುವ ವೇಗ ಇರುತ್ತದೆ. ಒಂದು ಮಿಲಿಮೀಟರ್ ಗಾತ್ರದ ದಪ್ಪ ಮರಳು ಸೆಕೆಂಡಿಗೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಇಳಿಯುತ್ತದೆ. ಕಾಲು ಮಿಲಿಮೀಟರಿನದು, ಸುಮಾರು ಚಿರೋಟಿ ರವೆಯಷ್ಟು ಅನ್ನಿ, ಸೆಕೆಂಡಿಗೆ 3 ಸೆಂಟಿಮೀಟರ್. ನುಣ್ಣನೆಯ ಜೇಡಿಯಾದರೆ ಒಂದಾಳು ನೀರಿನಲ್ಲಿ ತಳ ಮುಟ್ಟಲು ಗಂಟೆಗಟ್ಟಲೆ ಬೇಕು. ಈ ಜೇಡಿಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತದೆ.

2005ರ ಜನವರಿಯಲ್ಲಿ ನಾವು ನಾಲ್ಕು ಜನ ನಾಗಪಟ್ಟಣದ ಕಡೆಯ ಒಂದು ಮೀನುಗಾರರ ಕುಪ್ಪಕ್ಕೆ ಹೋಗಿದ್ದೆವು. ಇಂಥ ಕೆಲಸಕ್ಕೆ ತಡ ಮಾಡಬಾರದು. ಜನ ಮನೆ ಗುಡಿಸುತ್ತಾರೆ, ಜೆಸಿಬಿ ಬರುತ್ತದೆ, ಗಾಳಿ ಬೀಸುತ್ತದೆ, ಏಡಿಗಳು ಬಿಲ ತೋಡುತ್ತವೆ. ನಮ್ಮ ಸಲಕರಣೆ ಏನು ಗೊತ್ತೇ? ಕರಣೆ, ಟೇಪು, ಪ್ಲಾಸ್ಟಿಕ್ ಪೊಟ್ಟಣ, ಮಾರ್ಕರ್ ಪೆನ್ನು. ಸಮುದ್ರದಿಂದ ಒಳಕ್ಕೆ ಒಂದೇ ಗೆರೆಯಲ್ಲಿ ಹೋಗುತ್ತ ಅಲ್ಲಲ್ಲಿ ಮೊಣಕಾಲುದ್ದದ ಗುಂಡಿ ತೋಡುವುದು. ಗುಂಡಿಯ ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದರೆ ಪದರಗಳು ಕಾಣುತ್ತವೆ. ಕೆಳಗೆ ಕಪ್ಪು ಮಣ್ಣು, ಅದರ ಮೇಲೆ ಚಾಕುವಿನಿಂದ ಕೊಯ್ದಂಥ ಗೆರೆ, ಆ ಗೆರೆಯ ಮೇಲೆ ಬಿಳಿ ಮರಳು. ಗೆರೆಯ ಕೆಳಗೆ ಡಿಸೆಂಬರ್ 25, ಮೇಲೆ 26.

ಆ ಮರಳಿನಲ್ಲೂ ತಳದಲ್ಲಿ ದಪ್ಪ ಕಣ, ಮೇಲೆ ಹೋದಂತೆ ಸಣ್ಣದು. ದಪ್ಪದ್ದು ಬೇಗ ಇಳಿಯುತ್ತದೆ ಅಂದೆನಲ್ಲ, ಅದಕ್ಕೆ. ಕೆಲವು ಕಡೆ ಈ ಕ್ರಮ ಎರಡು ಸಲ ಬರುತ್ತದೆ, ಅಂದರೆ ಎರಡು ಅಲೆ ಬಂದಿವೆ. ಮಧ್ಯೆ ತೆಳ್ಳನೆಯ ಕೆಸರಿನ ಪೊರೆ ಇದ್ದರೆ ಎರಡು ಅಲೆಗಳ ನಡುವೆ ನೀರು ಸ್ವಲ್ಪ ಹೊತ್ತು ನಿಂತಿತ್ತು ಎಂದರ್ಥ. ಮರಳಿನ ಅಡಿಯಲ್ಲಿ ಹುಲ್ಲು ಒಂದೇ ಕಡೆಗೆ ಮಲಗಿರುತ್ತದೆ, ಬಾಚಿದ ಕೂದಲಿನ ಹಾಗೆ. ನೀರು ಯಾವ ದಿಕ್ಕಿಗೆ ಹರಿಯಿತು ಎಂದು ಅದು ತೋರಿಸುತ್ತದೆ. ಗೋಡೆಯ ಮೇಲಿನ ಕೊಳೆಯ ಗೆರೆ ನೀರಿನ ಎತ್ತರ ಹೇಳುತ್ತದೆ.

ಒಂದು ಮನೆಯ ಮುಂದೆ ಒಬ್ಬಾಕೆ ಮರಳು ಗುಡಿಸಿ ಗುಡ್ಡೆ ಹಾಕುತ್ತಿದ್ದಳು. ನಾನು ಅವಳ ಅಂಗಳದ ಮೂಲೆಯಲ್ಲಿ ಗುಂಡಿ ತೋಡಲು ಅನುಮತಿ ಕೇಳಿದೆ. "ನಾನು ಎತ್ತಿ ಬಿಸಾಡುವ ಮಣ್ಣನ್ನು ನೀವು ಯಾಕಮ್ಮಾ ಪೊಟ್ಟಣ ಕಟ್ಟುತ್ತೀರಿ?" ಎಂದಳು, ತಮಿಳಿನಲ್ಲಿ. ನೀರು ಎಷ್ಟು ಜೋರಾಗಿ ಬಂತು ಎಂದು ಇದರಿಂದ ತಿಳಿಯಬಹುದು ಎಂದೆ. ಪೊರಕೆ ನಿಲ್ಲಿಸಿದಳು. ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಓಡಿ ಉಳಿದವಳು. ಅತ್ತೆಗೆ ಕಾಲುನೋವು, ಮನೆಯಲ್ಲೇ ಉಳಿದಿದ್ದರು. "ಅತ್ತೆಯನ್ನು ಬಿಟ್ಟು ಬಂದಳು ಅಂತ ನನ್ನ ನಾದಿನಿ ಊರೆಲ್ಲ ಹೇಳುತ್ತಾಳೆ. ಕೈ ಹಿಡಿದು ಓಡಿಸಿಕೊಂಡು ಬಂದಿದ್ದರೆ ಆಗುತ್ತಿತ್ತಾ ಅಮ್ಮಾ? ನಿಮ್ಮ ಮಣ್ಣು ಅದನ್ನು ಹೇಳುತ್ತದಾ?"

ಆ ದಿನ ನಾನು ಉತ್ತರ ಕೊಡಲಿಲ್ಲ. ಪೊಟ್ಟಣಗಳು ಚೆನ್ನೈಗೆ ಬಂದವು. ಪ್ರಯೋಗಾಲಯದಲ್ಲಿ ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿಯುವುದು. ಒಂದರ ಕೆಳಗೊಂದು ಜೋಡಿಸಿದ ಹಿತ್ತಾಳೆಯ ಜರಡಿಗಳು, ಮೇಲಿನದು ದಪ್ಪ ಕಣ್ಣಿನದು, ಕೆಳಗಿನದು ಸಣ್ಣ ಕಣ್ಣಿನದು. ಯಂತ್ರ ಅಲುಗಿಸುತ್ತದೆ ಅನ್ನುವುದೊಂದು ಬಿಟ್ಟರೆ ಹಿಟ್ಟು ಜರಡಿ ಹಿಡಿದಂತೆಯೇ. ನನ್ನ ಅಜ್ಜಿ ಬಂದಿದ್ದರೆ "ಇದಕ್ಕೆ ಡಾಕ್ಟರೇಟ್ ಬೇಕಾ?" ಅನ್ನುತ್ತಿದ್ದರು.

ಈಗ ಹೇಳಿದ ಲೆಕ್ಕ. ಸುಲಭವಾಗಲಿ ಎಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಮನೆ ಸಮುದ್ರದಿಂದ 200 ಮೀಟರ್ ಒಳಗೆ. ಗೋಡೆಯ ಗೆರೆ ಒಂದೂವರೆ ಮೀಟರ್ ಎತ್ತರ. ಅಲ್ಲಿ ಸಿಕ್ಕ ಅತಿ ದಪ್ಪ ಕಣ ಕಾಲು ಮಿಲಿಮೀಟರ್. ಆ ಕಣ ದಡದಲ್ಲಿ ನೀರಿನ ಮೇಲ್ಮಟ್ಟದಲ್ಲಿ ಹೊರಟಿತು ಎಂದುಕೊಳ್ಳಿ. ಒಂದೂವರೆ ಮೀಟರ್ ಇಳಿಯಲು, ಸೆಕೆಂಡಿಗೆ 3 ಸೆಂಟಿಮೀಟರಿನಂತೆ, ಅದಕ್ಕೆ 50 ಸೆಕೆಂಡು ಬೇಕು. ಆ 50 ಸೆಕೆಂಡಿನೊಳಗೆ ನೀರು ಅದನ್ನು 200 ಮೀಟರ್ ಹೊತ್ತು ತಂದಿರಬೇಕು. ತರದಿದ್ದರೆ ಅದು ದಾರಿಯಲ್ಲೇ ಬಿದ್ದಿರುತ್ತಿತ್ತು. 200ನ್ನು 50ರಿಂದ ಭಾಗಿಸಿ: ಸೆಕೆಂಡಿಗೆ 4 ಮೀಟರ್. ಗಂಟೆಗೆ 14 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು.

ಟಾರು ರಸ್ತೆಯ ಮೇಲೆ ಹುಡುಗನೊಬ್ಬ ಸ್ವಲ್ಪ ಹೊತ್ತು ಈ ವೇಗದಲ್ಲಿ ಓಡಬಹುದು. ಒಣ ಮರಳಿನ ಮೇಲೆ, ಸೀರೆಯುಟ್ಟು, ಸೊಂಟದಲ್ಲಿ ಮಗು, ಕೈಯಲ್ಲಿ ಮಂಡಿನೋವಿನ ಮುದುಕಿ? ಎದೆಮಟ್ಟದ ನೀರು ಈ ವೇಗದಲ್ಲಿ ಬಂದರೆ ಗಟ್ಟಿಮುಟ್ಟಾದ ಗಂಡಸೂ ನಿಲ್ಲಲಾರ.

ಮರುವರ್ಷ ಹೋದಾಗ ಅವಳು ಹೊಸ ಮನೆಯಲ್ಲಿದ್ದಳು, ಸಮುದ್ರದಿಂದ ದೂರ ಕಟ್ಟಿಕೊಟ್ಟ ಕಾಲೊನಿಯಲ್ಲಿ. ಲೆಕ್ಕ ಹೇಳಿದೆ. ಮೂವರೂ ಒಟ್ಟಿಗೆ ಓಡಿ ಪಾರಾಗುವಂತೆ ಇರಲಿಲ್ಲ ಎಂದೆ. ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನನ್ನ ನಾದಿನಿಗೂ ಬಂದು ಹೇಳುತ್ತೀರಾ?" ಎಂದಳು. ಹೋಗಿ ಹೇಳಿದೆ. ನಾದಿನಿ ಕಾಫಿ ಕೊಟ್ಟಳು, ಮಾತಾಡಲಿಲ್ಲ. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ಅತಿ ಕಷ್ಟದ ಪಾಠ ಅದು.

ಈ ಲೆಕ್ಕ ಕಣ್ಣುಮುಚ್ಚಿ ನಂಬುವಂಥದ್ದಲ್ಲ, ಅದನ್ನೂ ಹೇಳಬೇಕು. ಕಣ ದಡದಿಂದಲೇ ಹೊರಟಿತೋ, ಅಥವಾ ನಡುವೆ ಇದ್ದ ಮರಳುದಿಬ್ಬದಿಂದ ಎದ್ದಿತೋ? ದಿಬ್ಬದಿಂದಾದರೆ ದೂರ ಕಡಿಮೆ, ವೇಗವೂ ಕಡಿಮೆ. ಅದಕ್ಕಾಗಿ ಮರಳಿನೊಳಗಿನ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಫೊರಾಮಿನಿಫೆರಾ, ಡಯಾಟಮ್ ಎಂಬ ಇವುಗಳಲ್ಲಿ ಕೆಲವು ಆಳ ಸಮುದ್ರದವು, ಕೆಲವು ದಡದವು, ಕೆಲವು ಸಿಹಿನೀರಿನವು. ಅಕ್ಕಿ ನೋಡಿ ಯಾವ ಊರಿನದು ಅನ್ನುವ ಹಾಗೆ.

ಇದಕ್ಕಿಂತ ವಿವರವಾದ ಲೆಕ್ಕವನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ರೂಸ್ ಜಾಫಿ ಮತ್ತು ಗೈ ಗೆಲ್ಫೆನ್‌ಬಾಮ್ 2007ರಲ್ಲಿ ಪ್ರಕಟಿಸಿದರು. ಪದರದ ದಪ್ಪ ಮತ್ತು ಕಣದ ಗಾತ್ರ ಎರಡನ್ನೂ ಕೊಟ್ಟರೆ, ಅಷ್ಟು ಮರಳನ್ನು ನೀರಿನಲ್ಲಿ ತೇಲಿಸಿ ಹಿಡಿಯಲು ಎಷ್ಟು ವೇಗ ಬೇಕಿತ್ತು ಎಂದು ಅದು ಹೇಳುತ್ತದೆ. 1998ರಲ್ಲಿ ಪಪುವಾ ನ್ಯೂಗಿನಿಯಲ್ಲಿ ಆದ ಸುನಾಮಿಯ ಮರಳಿನ ಮೇಲೆ ಅದನ್ನು ಪರೀಕ್ಷಿಸಿದರು. ಅರೋಪ್ ಎಂಬ ಹಳ್ಳಿಯಲ್ಲಿ, ದಡದಿಂದ 200 ಮೀಟರ್ ಒಳಗೆ, ಉತ್ತರ ಬಂದದ್ದು ಸೆಕೆಂಡಿಗೆ 14 ಮೀಟರ್. ಗಂಟೆಗೆ 50 ಕಿಲೋಮೀಟರ್! ಇದು ನಂಬುವ ಮಾತೇ ಎಂದು ಬೇರೆ ದಾರಿಯಿಂದಲೂ ನೋಡಿದರು. ಉಳಿದಿದ್ದ ಕಟ್ಟಡಗಳ ಮೇಲಿನ ನೀರಿನ ಗುರುತುಗಳಿಂದಲೂ ವೇಗ ಲೆಕ್ಕ ಹಾಕಬಹುದು. ಹರಿಯುವ ನೀರು ಗೋಡೆಗೆ ಬಡಿದರೆ ಎದುರಿಗೆ ಏರುತ್ತದೆ, ಎಷ್ಟು ಏರಿತು ಎಂಬುದರಲ್ಲಿ ವೇಗ ಅಡಗಿದೆ. ಎರಡು ಲೆಕ್ಕಗಳೂ ಹತ್ತಿರ ಹತ್ತಿರ ಬಂದವು. ಪದರದ ದಪ್ಪಕ್ಕಿಂತ ಕಣದ ಗಾತ್ರ ಉತ್ತರವನ್ನು ಹೆಚ್ಚು ಬದಲಾಯಿಸುತ್ತದೆ ಎಂಬುದೂ ಅವರು ಕಂಡ ಮಾತು. ಜರಡಿಯ ಕೆಲಸವನ್ನು ಹುಡುಗಾಟಿಕೆಯಿಂದ ಮಾಡುವ ವಿದ್ಯಾರ್ಥಿಗಳಿಗೆ ನಾನು ಇದನ್ನೇ ಹೇಳಿ ಬೈಯುತ್ತಿದ್ದೆ.

ಇಲ್ಲಿ ಯಾರಾದರೂ ಕೇಳಬಹುದು, ಚಂಡಮಾರುತವೂ ಮರಳು ತರುತ್ತದಲ್ಲ ಎಂದು. ತರುತ್ತದೆ. 2011ರ ಡಿಸೆಂಬರ್ 30ರಂದು ಕಡಲೂರು ಕಡೆಗೆ ಅಪ್ಪಳಿಸಿದ ಥಾನೆ ಚಂಡಮಾರುತ ನೆನಪಿಸಿಕೊಳ್ಳಿ. ಚಂಡಮಾರುತದ ಅಲೆಗಳು ಸಣ್ಣ ಸಣ್ಣವು, ಗಂಟೆಗಟ್ಟಲೆ ಬಡಿಯುತ್ತವೆ, ದಡದ ಹತ್ತಿರವೇ ಮರಳನ್ನು ದಪ್ಪವಾಗಿ ಪೇರಿಸುತ್ತವೆ. ಸುನಾಮಿಯದು ಕೆಲವೇ ಅಲೆ, ತೆಳ್ಳನೆಯ ಹಾಸು, ಆದರೆ ಬಹಳ ಒಳಕ್ಕೆ. ಪುಸ್ತಕದಲ್ಲಿ ಹೀಗೆ ಬರೆದಿರುತ್ತದೆ. ಗುಂಡಿಯಲ್ಲಿ ನಿಂತಾಗ ಎಷ್ಟೋ ಸಲ ಗೊಂದಲವೇ.

ಹೊಸ ಮರಳನ್ನು ಓದಲು ಕಲಿತರೆ ಹಳೆಯದನ್ನೂ ಓದಬಹುದು. 2008ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಎರಡರ ಮೊದಲ ಲೇಖಕರೂ ಮಹಿಳೆಯರು, ನಮ್ಮ ವೇದಿಕೆಯಲ್ಲಿ ಇದನ್ನು ಹೇಳದೆ ಬಿಡಲಾರೆ. ಥಾಯ್ಲೆಂಡಿನ ಕ್ರುವಾವನ್ ಜಾಂಕೇವ್ ಫ್ರಾ ಥೋಂಗ್ ದ್ವೀಪದ ಜೌಗಿನಲ್ಲಿ 2004ರ ಮರಳಿನ ಕೆಳಗೆ, ಕಪ್ಪು ಮಣ್ಣಿನ ನಡುವೆ, ಅದೇ ಬಗೆಯ ಹಳೆಯ ಬಿಳಿ ಹಾಸು ತೋರಿಸಿದರು. ಅದರ ವಯಸ್ಸು 550ರಿಂದ 700 ವರ್ಷ. ಕ್ಯಾಟ್ರಿನ್ ಮೊನೆಕ್ ಸುಮಾತ್ರಾದ ಮ್ಯೂಲಾಬೋ ಬಳಿ ಎರಡು ಹಳೆಯ ಪದರ ಕಂಡರು, ಒಂದು 1290 ಮತ್ತು 1400ರ ನಡುವಿನದು, ಇನ್ನೊಂದು 780 ಮತ್ತು 990ರ ನಡುವಿನದು. ಅಂದರೆ 2004ರದು 'ಹಿಂದೆಂದೂ ಕಾಣದ' ಘಟನೆ ಆಗಿರಲಿಲ್ಲ. ಕಂಡವರು ಯಾರೂ ಉಳಿದಿರಲಿಲ್ಲ, ಅಷ್ಟೇ. ಆಚೆಯ ಒಂದು ಕರಾವಳಿ ಗುಹೆಯಲ್ಲಿ ಬಾವಲಿ ಹಿಕ್ಕೆಯ ಪದರಗಳ ನಡುವೆ ಸಮುದ್ರದ ಮರಳು ಸಿಕ್ಕಿತು. 7,400ರಿಂದ 2,900 ವರ್ಷಗಳ ಹಿಂದಿನ ಕಾಲದಲ್ಲಿ 11 ಸುನಾಮಿಗಳು. ಅಂತರ ಮಾತ್ರ ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಒಂದು ಕಡೆ ಎರಡು ಸಾವಿರ ವರ್ಷ ಖಾಲಿ, ಇನ್ನೊಂದು ಕಡೆ ಒಂದೇ ಶತಮಾನದಲ್ಲಿ ಹಲವು.

ನಮ್ಮ ಹತ್ತಿರದಲ್ಲೂ ಇದೆ. ಮಹಾಬಲಿಪುರಂ ಸುತ್ತಮುತ್ತ ಸಿ.ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅವರ ತಂಡ ಸುಮಾರು ಸಾವಿರ ವರ್ಷ ಮತ್ತು ಸಾವಿರದೈನೂರು ವರ್ಷ ಹಳೆಯ ಸಮುದ್ರದ ಉಕ್ಕಿನ ಕುರುಹುಗಳನ್ನು ವರದಿ ಮಾಡಿತು. ಕುಸಲಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಅಲ್ಲೇ ಪಕ್ಕದ ಸಾಲುವನ್‌ಕುಪ್ಪದಲ್ಲಿ 2004ರ ನಂತರ ಬೆಳಕಿಗೆ ಬಂದ ಶಾಸನಗಳಲ್ಲಿ ಒಂದು ಯಾರದು ಗೊತ್ತೇ? ರಾಷ್ಟ್ರಕೂಟರ ಮೂರನೆಯ ಕೃಷ್ಣನದು! ಮಳಖೇಡದ ನಮ್ಮ ದೊರೆ. ಆ ಶಾಸನಗಳ ಸುಳಿವು ಹಿಡಿದು ಅಗೆದಾಗ ಮರಳಿನಡಿ ಹೂತುಹೋದ ಸುಬ್ರಹ್ಮಣ್ಯ ದೇವಸ್ಥಾನ ಸಿಕ್ಕಿತು, ಅದರ ಕೆಳಗೆ ಇನ್ನೂ ಹಳೆಯ ಇಟ್ಟಿಗೆ ಗುಡಿ. ಸಮುದ್ರವೇ ಅದನ್ನು ಕೆಡವಿದ್ದು ಎಂಬುದು ಉತ್ಖನನ ನಡೆಸಿದವರ ಅಭಿಪ್ರಾಯ. ಮಹಾಬಲಿಪುರಕ್ಕೆ ಹೋದಾಗ ಎಲ್ಲರೂ ಕಡಲತೀರದ ದೇವಸ್ಥಾನದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೀರಿ. ಮುಂದಿನ ಸಲ ಇಲ್ಲಿಗೂ ಹೋಗಿ.

ಇನ್ನು ಜಪಾನಿನ ವಿಷಯ. ಈ ಭಾಷಣಕ್ಕೆ ಒಪ್ಪಿದ್ದೇ ಇದನ್ನು ಹೇಳುವುದಕ್ಕೆ.

ಕ್ರಿ.ಶ. 869ರಲ್ಲಿ ಜಪಾನಿನ ಸೆಂದೈ ಬಯಲಿಗೆ ಸುನಾಮಿ ನುಗ್ಗಿ ಸಾವಿರ ಜನ ಮುಳುಗಿದರು ಎಂದು ಅಲ್ಲಿನ ರಾಜವೃತ್ತಾಂತದಲ್ಲಿ ಬರೆದಿದೆ. ಜೋಗಾನ್ ಸುನಾಮಿ ಎನ್ನುತ್ತಾರೆ. ಈಗಿನ ಗದ್ದೆಗಳ ಕೆಳಗೆ, ಹತ್ತನೇ ಶತಮಾನದ ಜ್ವಾಲಾಮುಖಿ ಬೂದಿಯ ಅಡಿಯಲ್ಲಿ, ಆ ಮರಳು ಸಿಕ್ಕಿತು. ಕಿಲೋಮೀಟರುಗಟ್ಟಲೆ ಒಳಗೆ! ವಿಜ್ಞಾನಿಗಳು ಮರಳಿನ ಅಂಚನ್ನು ನಕ್ಷೆ ಮಾಡಿದರು. ಅಲ್ಲಿಯವರೆಗೆ ನೀರು ಬರಲು ಎಷ್ಟು ದೊಡ್ಡ ಭೂಕಂಪ ಬೇಕು ಎಂದು ಲೆಕ್ಕ ಹಾಕಿ ಸುಮಾರು 8.4 ಎಂದರು. 2009ರಲ್ಲಿ ಫುಕುಶಿಮಾ ಸ್ಥಾವರದ ಸುರಕ್ಷತೆಯನ್ನು ಪರಿಶೀಲಿಸುವ ಸರ್ಕಾರಿ ಸಮಿತಿಯಲ್ಲಿ ಯುಕಿನೊಬು ಒಕಮುರಾ ಎಂಬ ಭೂವಿಜ್ಞಾನಿ, ಜೋಗಾನ್ ಸುನಾಮಿಯನ್ನು ಯಾಕೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಕೇಳಿದರು. ಸ್ಥಾವರವು ಸಿದ್ಧವಾಗಿದ್ದದ್ದು 6 ಮೀಟರಿನೊಳಗಿನ ಅಲೆಗೆ. 2011ರ ಮಾರ್ಚ್ 11ರಂದು ಬಂದದ್ದು 14 ಮೀಟರಿನಷ್ಟು.

ಮರಳಿನ ಮಾತು ಕೇಳಲಿಲ್ಲ, ಅದೊಂದು. ಇನ್ನೊಂದು, ಮರಳೂ ಪೂರ್ತಿ ಹೇಳಿರಲಿಲ್ಲ. 2011ರ ನೀರು ಸೆಂದೈ ಬಯಲಿನಲ್ಲಿ ಎಲ್ಲಿಯವರೆಗೆ ಹೋಯಿತು ಎಂಬುದಕ್ಕೆ ಈ ಸಲ ಹೆಲಿಕಾಪ್ಟರಿನ ವಿಡಿಯೋ ಇತ್ತು. ನೀರು ನಾಲ್ಕೂವರೆ ಕಿಲೋಮೀಟರ್ ಹೋಗಿದ್ದ ಕಡೆ ಕಣ್ಣಿಗೆ ಕಾಣುವ ಮರಳಿನ ಪದರ ಸುಮಾರು ಮೂರು ಕಿಲೋಮೀಟರಿಗೇ ಮುಗಿದಿತ್ತು. ಅಲ್ಲಿಂದ ಮುಂದೆ ಬರೀ ಕೆಸರು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಜೇಡಿ. ಸಾವಿರ ವರ್ಷದಲ್ಲಿ ಆ ತೆಳು ಕೆಸರು ಗದ್ದೆಯ ಮಣ್ಣಿನಲ್ಲಿ, ಬೇರುಗಳಲ್ಲಿ, ನೇಗಿಲಿನಡಿ ಬೆರೆತು ಕಾಣದಾಗುತ್ತದೆ. ಮರಳು ಮಾತ್ರ ಉಳಿಯುತ್ತದೆ. ಮರಳು ಮುಗಿದಲ್ಲಿ ನೀರು ಮುಗಿಯಿತು ಎಂದು ಗೆರೆ ಎಳೆದರೆ ಆ ಗೆರೆಯ ಆಚೆ ಒಂದೂವರೆ ಕಿಲೋಮೀಟರ್ ಉದ್ದಕ್ಕೂ ಮನೆ, ಶಾಲೆ, ಆಸ್ಪತ್ರೆ ಎಲ್ಲ ಬರುತ್ತವೆ. ಆಮೇಲೆ ಅದೇ ಜಪಾನಿ ವಿಜ್ಞಾನಿಗಳು ಹಳೆಯ ಲೆಕ್ಕವನ್ನು ಮತ್ತೆ ಮಾಡಿದರು. ಮರಳಿನ ಅಂಚಿನಲ್ಲೂ ಒಂದು ಮೀಟರ್ ನೀರು ನಿಂತಿರಬೇಕು ಎಂದು ಹಿಡಿದಾಗ 869ರ ಭೂಕಂಪ ಕನಿಷ್ಠ 8.6 ಆಯಿತು. 'ಕನಿಷ್ಠ' ಎಂಬ ಮಾತು ಅಲ್ಲಿ ಬಹಳ ಮುಖ್ಯ. ನನ್ನ ಕೇಳಿದರೆ ಮರಳಿನಿಂದ ತೆಗೆದ ಪ್ರತಿ ನಕ್ಷೆಯ ಮೇಲೂ ಆ ಪದವನ್ನು ದಪ್ಪಕ್ಷರದಲ್ಲಿ ಬರೆಯಬೇಕು.

ಆಗ ಟೀ ಕುಡಿಯುತ್ತಿದ್ದಾಗ ಒಬ್ಬರು ಕೇಳಿದರು, ನಮ್ಮ ಮಂಗಳೂರು, ಕಾರವಾರದ ಕಡೆಗೆ ಸುನಾಮಿ ಬರುವುದಿಲ್ಲವೇ ಎಂದು. ಅರಬ್ಬಿ ಸಮುದ್ರದ ಉತ್ತರದಲ್ಲಿ, ಪಾಕಿಸ್ತಾನ-ಇರಾನ್ ಕರಾವಳಿಯಲ್ಲಿ ಮಕ್ರಾನ್ ಎಂಬ ಕಡೆ ಸುಮಾತ್ರಾದಂಥದೇ ಒಂದು ಬಿರುಕಿದೆ. 1945ರ ನವೆಂಬರಿನಲ್ಲಿ ಅಲ್ಲಿ 8ಕ್ಕೂ ಮೇಲಿನ ಭೂಕಂಪವಾಗಿ ಮುಂಬಯಿಯಲ್ಲಿ ಸುಮಾರು 2 ಮೀಟರ್ ಅಲೆ ಬಂದು ಜನ ಕೊಚ್ಚಿಹೋದರು. ಈ ಇ-ಸಂಚಿಕೆ ಓದುವ ಮುಂಬಯಿಯ ಸದಸ್ಯೆಯರು ಮನೆಯ ಹಿರಿಯರನ್ನು ಕೇಳಿ ನೋಡಿ. ಪಶ್ಚಿಮ ಕರಾವಳಿಯಲ್ಲೂ ಗುಂಡಿ ತೋಡುವ ಕೆಲಸ ಇನ್ನಷ್ಟು ಆಗಬೇಕು. ಅಲ್ಲಿ ಮಳೆ ಜೋರು, ನದಿಗಳು ಹೆಚ್ಚು, ತೆಳು ಪದರ ಉಳಿಯುವುದು ಕಷ್ಟ. ಗದ್ದೆಯ ಬದಿಯ ತಗ್ಗು, ಜೌಗು ಇಂಥ ಕಡೆ ಹುಡುಕಬೇಕು.

ಹೈದರಾಬಾದಿನಲ್ಲಿ 2007ರಿಂದ ಸುನಾಮಿ ಎಚ್ಚರಿಕೆ ಕೇಂದ್ರ ಇದೆ. 2004ರಲ್ಲಿ ನಮಗಿದ್ದ ಆ ಎರಡೂವರೆ ಗಂಟೆ ವ್ಯರ್ಥವಾಗಿ ಹೋದಂತೆ ಇನ್ನು ಹೋಗಬಾರದು. ಆದರೆ ಎಚ್ಚರಿಕೆ ಬಂದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ವೇಗ ಮತ್ತು ಆಳ ಎರಡೂ ಗೊತ್ತಿರಬೇಕು. ಆ ಕುಪ್ಪದ ಮನೆಯ ಲೆಕ್ಕವನ್ನೇ ನೋಡಿ. ಸೆಕೆಂಡಿಗೆ 4 ಮೀಟರ್ ಎಂದರೆ ನೀರು ಕಂಡ ಮೇಲೆ ಓಡಿ ಪ್ರಯೋಜನವಿಲ್ಲ. ಒಂದೂವರೆ ಮೀಟರ್ ಎಂದರೆ ಗಟ್ಟಿಯಾದ ತಾರಸಿ ಮನೆಯ ಮಹಡಿ ಸಾಕು. ಬೆಸೆಂಟ್ ನಗರ, ತಿರುವಾನ್ಮಿಯೂರಿನಲ್ಲಿ ಫ್ಲಾಟುಗಳಲ್ಲಿರುವವರು ಅಸೋಸಿಯೇಷನ್ ಮೀಟಿಂಗಿನಲ್ಲಿ ಒಂದು ವಿಷಯ ಎತ್ತಿ: ತಾರಸಿಯ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ನೆಲಮಹಡಿಯ ವಾಚ್‌ಮನ್ ಕುಟುಂಬಕ್ಕೆ ಅದು ಸಿಗುತ್ತದೆಯೇ? ಮೊದಲ ಅಲೆ ಇಳಿದ ಕೂಡಲೇ ಕೆಳಗೆ ಬರಬೇಡಿ, ಮುಂದಿನದು ಇನ್ನೂ ದೊಡ್ಡದಿರಬಹುದು.

ಸಣ್ಣ ಪೊಟ್ಟಣಗಳಲ್ಲಿ ಮೂರು ಬಗೆಯ ಮರಳು ತಂದಿದ್ದೇನೆ, ಒಂದು ಭೂತಗನ್ನಡಿಯೂ ಇದೆ. ಮೇಜಿನ ಮೇಲಿಟ್ಟಿದ್ದೇನೆ. ಮಕ್ಕಳನ್ನು ಮೊದಲು ಬಿಡಿ, ಆಮೇಲೆ ನೀವು ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.